ಎರಡು ಖಾಲಿ ಹಾಳೆಗಳ ಮಂಜೂರಾತಿ ಕೋರಿ

ಇಂದ:
ಪುಸ್ತಕ ಕಟ್ಟುವವನು, ಬೈಂಡಿಂಗ್ ಕೋಣೆ, ನೆಲಮಾಳಿಗೆ

ಗೆ:
ಮುಖ್ಯ ಗ್ರಂಥಪಾಲಕರು, ಅದೇ ಕಟ್ಟಡ, ಎರಡನೇ ಮಹಡಿ

ವಿಷಯ: ಕೈತಪ್ಪಿನಿಂದ ಅರ್ಥವಾಗುವಂತಾಗಿಬಿಟ್ಟ ಕಾದಂಬರಿಯೊಂದನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ.

ಉಲ್ಲೇಖ: ೧. ಸಾಹಿತ್ಯದ ಉಪನ್ಯಾಸಕಿಯವರ ದೂರು (ಆಶ್ಚರ್ಯಸೂಚಕ ಚಿಹ್ನೆಗಳು ಒಂಬತ್ತು).
೨. ಸೋಮವಾರದೊಳಗೆ ಸರಿಪಡಿಸದಿದ್ದರೆ ಬೈಂಡಿಂಗ್ ಕೋಣೆಗೆ ಬೀಗ ಹಾಕಿ ಅರ್ಜಿದಾರನನ್ನು ಸೈಕಲ್ ಸ್ಟ್ಯಾಂಡಿಗೆ ಕಳಿಸುವುದಾಗಿ ತಿಳಿಸಿರುವ ತಮ್ಮ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನು ಇಪ್ಪತ್ತೊಂಬತ್ತು ವರ್ಷಗಳಿಂದ ಪುಸ್ತಕ ಕಟ್ಟುತ್ತಿದ್ದು, ಒಂದನ್ನೂ ಓದಿರುವುದಿಲ್ಲ. ಓದುತ್ತ ಕೂತರೆ ಅಂಟು ಒಣಗುತ್ತದೆ.

೨. ಸದರಿ ಕಾದಂಬರಿಯು ಬೆನ್ನು ಮುರಿದು ಬಿಡಿ ಹಾಳೆಗಳಾಗಿ ಬಂದಿತ್ತು. ಎರಡನೇ ಪುಟ ಆದಮೇಲೆ ತೊಂಬತ್ತಮೂರು, ಆಮೇಲೆ ಹದಿನೇಳು. ಒಂದು ಹಾಳೆ ತಲೆಕೆಳಗು, ಎರಡು ಹಾಳೆ ಪೂರ್ತಿ ಖಾಲಿ. ಹಿಂದಿನ ಬೈಂಡರನಿಗೆ ಕಣ್ಣು ಸರಿಯಿರಲಿಲ್ಲವೆಂದು ತಿಳಿದು, ಅರ್ಜಿದಾರನು ಹಾಳೆಗಳನ್ನು ಅಂಕಿಯ ಪ್ರಕಾರ ಜೋಡಿಸಿ, ತಲೆಕೆಳಗಿನದನ್ನು ನೆಟ್ಟಗೆ ಮಾಡಿ, ಖಾಲಿಯವುಗಳಲ್ಲಿ ಅಂಟು ಒರೆಸಿ ಬಿಸಾಡಿರುತ್ತಾನೆ. ಲೇಖಕರು ಬೇಕೆಂದೇ ಹಾಗೆ ಮಾಡಿದ್ದರೆಂಬುದು ಉಪನ್ಯಾಸಕಿಯವರು ಕೂಗಾಡಿದ ಮೇಲಷ್ಟೇ ಗೊತ್ತಾಯಿತು.

೩. ಇದೇ ಪುಸ್ತಕವನ್ನು ನಾಲ್ಕು ಸಲ ಶುರುಮಾಡಿ ಕೈಬಿಟ್ಟಿದ್ದ ಗಣಿತದ ನಿವೃತ್ತ ಮೇಷ್ಟ್ರು ಎರಡೇ ದಿನದಲ್ಲಿ ಮುಗಿಸಿ, ನೆಲಮಾಳಿಗೆಗೆ ಇಳಿದು ಬಂದು, "ಈಗ ನೋಡಪ್ಪಾ, ಮನುಷ್ಯರು ಓದೋ ಹಾಗಾಯ್ತು" ಎಂದು ಬೆನ್ನು ತಟ್ಟಿದ್ದರು. ಅರ್ಜಿದಾರನು ಉಬ್ಬಿಹೋಗಿದ್ದು ನಿಜ.

೪. ಬೇರೆ ಪ್ರತಿ ಇಲ್ಲದ ಕಾರಣ ಮೂಲ ಕ್ರಮ ಯಾರಿಗೂ ಗೊತ್ತಿರಲಿಲ್ಲ, ದೂರು ಕೊಟ್ಟವರಿಗೂ. ಪುಸ್ತಕದಲ್ಲಿ ಹುಳು ಕೊರೆದ ಒಂದು ತೂತಿತ್ತು. ಅಂಕಿಯ ಪ್ರಕಾರ ಜೋಡಿಸಿದಾಗ ಅದು ಹಾಳೆಯಿಂದ ಹಾಳೆಗೆ ಕುಪ್ಪಳಿಸಿದ್ದು ಕಂಡು, ಹುಳುವಿಗೇ ತಲೆ ಕೆಟ್ಟಿದೆ ಎಂದು ಅರ್ಜಿದಾರನು ಅಂದುಕೊಂಡಿದ್ದ. ಈಗ ತೂತಿಗೆ ತೂತು ಕೂಡಿಸುತ್ತ ಹೋದಂತೆ ಕ್ರಮ ಸಿಕ್ಕಿತು. ಆದರೆ ನೂರಾ ಹತ್ತನೆಯ ಹಾಳೆಗೆ ಹುಳುವೂ ಕೈಬಿಟ್ಟಿತ್ತು. ಆದ್ದರಿಂದ ಮುಂದಿನದನ್ನು ಓದಿಯೇ ಜೋಡಿಸಬೇಕಾಯಿತು.

೫. ನಿಯಮಬಾಹಿರವಾದರೂ ಪುಸ್ತಕವನ್ನು ಮನೆಗೆ ಒಯ್ದಿರುತ್ತಾನೆ. ಆಸ್ಪತ್ರೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅವನ ಹೆಂಡತಿ ಗಟ್ಟಿಯಾಗಿ ಓದಿದಳು. ಹನ್ನೊಂದು ಪುಟದ ಒಂದೇ ವಾಕ್ಯದಲ್ಲಿ ಎರಡು ಸಲ ನೀರು ಕುಡಿದಳು. "ಈ ತಾಯಿ ಎಷ್ಟೊತ್ತಿಂದ ಬಾಗಿಲಲ್ಲಿ ಮಗನಿಗೆ ಕಾಯ್ತಾ ನಿಂತಿದಾಳೆ! ಯಾರಾದ್ರೂ ಕೂತ್ಕೋ ಅನ್ನಬಾರ್ದಾ?" ಎಂದು ಲೇಖಕರನ್ನು ಬೈದಳು.

೬. ಅಂಕಿಯ ಪ್ರಕಾರ ಕಟ್ಟಿದರೆ ಆ ತಾಯಿ ಕೊನೆಯ ಪುಟದಲ್ಲಿ ಸಾಯುತ್ತಾಳೆ. ಆದರೆ ಹಳೇ ರಟ್ಟಿನ ನೀಲಿ ಬಣ್ಣ ಹತ್ತಿದ್ದ ಹಾಳೆ, ಅಂದರೆ ನಿಜವಾದ ಕೊನೆಯ ಹಾಳೆ, ಬೇರೆ. ಅದರಲ್ಲಿ ಆಕೆ ಬಾಗಿಲಲ್ಲೇ ನಿಂತು, "ಬಂದ್ಯಾ? ಎಷ್ಟು ಹೊತ್ತು ಮಾಡ್ದೆ!" ಎನ್ನುತ್ತಾಳೆ. ಕಥೆ ಹೇಳುವವನು ಆ ಮಗನೇ. ಪುಟಗಳನ್ನು ಅವನು ಕಲಸಿಟ್ಟಿದ್ದು ಇಷ್ಟಕ್ಕೇ. ಅಂಥವಳನ್ನು ಅರ್ಜಿದಾರನು ಅಂಟು ಹಚ್ಚಿ ಸಾಯಿಸಿದ್ದಾನೆ. ಇದರಿಂದ ಅವನಿಗೆ ಬಹಳ ಸಂಕಟವಾಗಿದೆ.

೭. ಸಾವಿನ ಪುಟ ಮುಗಿದಾಗ ಹೆಂಡತಿ ಸುಮ್ಮನಾದಳು. "ಮುಂದೆ?" ಎಂದ ಅರ್ಜಿದಾರನು. "ತಡಿ. ಇಲ್ಲಿ ಸ್ವಲ್ಪ ಸುಮ್ನಿರೋಕೆ ಜಾಗ ಬೇಕಿತ್ತು" ಎಂದಳು. ಬಿಸಾಡಿದ ಖಾಲಿ ಹಾಳೆಗಳು ಪುಸ್ತಕದಲ್ಲಿ ಎಲ್ಲಿದ್ದವೆಂದು ಆಗ ತಿಳಿಯಿತು.

ಆದ್ದರಿಂದ, ಪುಸ್ತಕ ಕ್ರಮಕ್ಕೆ ಬಂದಿರುವ ಕಾರಣ, ತಲೆಕೆಳಗಿನ ಹಾಳೆ ಮತ್ತೆ ತಲೆಕೆಳಗಾಗಿರುವ ಕಾರಣ, ಸೈಕಲ್ಲುಗಳಿಗೆ ಅಂಟಿನ ಅಗತ್ಯವಿಲ್ಲದ ಕಾರಣ, ಎರಡು ಖಾಲಿ ಹಾಳೆಗಳನ್ನು ಮಂಜೂರು ಮಾಡಬೇಕೆಂದು ಪ್ರಾರ್ಥನೆ. ಒಂದರಲ್ಲೇ ಸುಧಾರಿಸು ಎಂದು ಉಗ್ರಾಣದವರು ಹೇಳುತ್ತಾರೆ. ಒಂದು ಸಾಲದು, ಅರ್ಜಿದಾರನು ಓದಿ ನೋಡಿದ್ದಾನೆ.

ಇಂತಿ, ಅಂಟು ಆರದ ಕೈಯಿಂದ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತುಗಳು:
೧. ತಮ್ಮ ನೋಟಿಸಿನ ಪ್ರತಿ.
೨. "ದಯವಿಟ್ಟು ಮೊದಲಿನಂತೆ ಮಾಡಬೇಡಿ" ಎಂಬ ಗಣಿತ ಮೇಷ್ಟ್ರ ಚೀಟಿ.
೩. ಸದರಿ ಕಾದಂಬರಿ, ನಡುವೆ ಎರಡು ಹಾಳೆಯಷ್ಟು ಜಾಗ ಬಿಟ್ಟು.

ವಿ.ಸೂ.: ಆ ಎರಡು ಹಾಳೆಗಳ ಮೇಲೆ ಗ್ರಂಥಾಲಯದ ಮೊಹರು ಒತ್ತಿಸಬಾರದಾಗಿ ಕೋರಿಕೆ.