ಮಿಲ್ ರಸ್ತೆಯ ಪಕ್ಷಾತೀತ ಮತದಾರರು

ನಮ್ಮ ಕೌಂಟಿಯಲ್ಲಿ ಚುನಾವಣೆ ನವೆಂಬರಿನಲ್ಲಿ ನಡೆಯುತ್ತದೆ. ಫಲಿತಾಂಶ ಮಾತ್ರ ಜೂನಿನಲ್ಲೇ ಬಂದಿರುತ್ತದೆ. ಇಲ್ಲಿ ಯಾವಾಗಲೂ ಒಂದೇ ಪಕ್ಷ ಗೆಲ್ಲುವುದರಿಂದ ಇನ್ನೊಂದು ಪಕ್ಷ ಅಭ್ಯರ್ಥಿಯನ್ನು ನಿಲ್ಲಿಸಿ ಯಾರಿಗೂ ತೊಂದರೆ ಕೊಡುವುದಿಲ್ಲ. ಗೆಲ್ಲುವ ಪಕ್ಷದವರು ಜೂನಿನಲ್ಲಿ ತಮ್ಮೊಳಗೇ ಮತ ಹಾಕಿ ಹೆಸರು ಆರಿಸಿಕೊಳ್ಳುತ್ತಾರೆ.

ಈ ಸಲ ಆರಿಸಬೇಕಾಗಿದ್ದದ್ದು ಶಾಲಾ ಬಸ್ಸುಗಳ ಉಸ್ತುವಾರಿಯ ಆಯುಕ್ತರನ್ನು. ಈಗಿನ ಆಯುಕ್ತ ಹಾರ್ಲನ್ ಬೀಮರ್ ನಮ್ಮ ಮಿಲ್ ರಸ್ತೆಯ ಬಸ್ಸನ್ನು ನಿಲ್ಲಿಸುವುದಾಗಿ ಪ್ರಕಟಿಸಿದ್ದರು. ಅಂದರೆ ನನ್ನ ಆರು ವರ್ಷದ ಮಗಳು ಟೆಸ್ಸಾ ಮರದ ದಿಮ್ಮಿ ಲಾರಿಗಳ ಪಕ್ಕದಲ್ಲೇ ಶಾಲೆಗೆ ನಡೆಯಬೇಕು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದೂ ಪ್ರಕಟಣೆಯಲ್ಲಿತ್ತು. ಅವರ ವಿರುದ್ಧ ಅದೇ ಬಸ್ಸಿನ ಚಾಲಕಿ ಲೊರೇನ್ ನಿಂತಳು.

ಏಪ್ರಿಲ್‌ನಿಂದ ನಾನು ನನ್ನ ಎರಡನೆಯ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ರಸ್ತೆಯ ಮನೆಮನೆಗೂ ಹೋದೆ. ಹತ್ತನೇ ತರಗತಿಗೇ ಶಾಲೆ ಬಿಟ್ಟವಳು ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡಿದೆ. ಕೂಸು ಅಳುತ್ತಿದ್ದುದರಿಂದ ಬಾಗಿಲು ಹಾಕಿಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಹಾರ್ಲನ್ ಕಡೆಯವರು ನಮ್ಮ ರಸ್ತೆಯತ್ತ ತಲೆ ಹಾಕಲೇ ಇಲ್ಲ, ಹೆದರಿದ್ದಾರೆ ಎಂದುಕೊಂಡೆ.

ಜೂನಿನಲ್ಲಿ ಇಡೀ ರಸ್ತೆಯನ್ನು ಪಿಕಪ್ ಗಾಡಿಗಳಲ್ಲಿ ತುಂಬಿಕೊಂಡು ಮತಗಟ್ಟೆಗೆ ಹೋದೆ. ಅಲ್ಲಿನ ಅಧಿಕಾರಿ ಮಿಸೆಸ್ ಪ್ರೂಯಿಟ್ ಕನ್ನಡಕ ಏರಿಸಿ, ಇದು ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಎಂದರು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ಪಟ್ಟಿಗೂ ಹೆಸರು ಬರೆದುಕೊಂಡು ಯಾವ ಪಕ್ಷ ಎಂದು ಕೇಳಿದ್ದಕ್ಕೆ ನಾನು ಯಾವುದೂ ಇಲ್ಲ ಎಂದಿದ್ದೆ. ಲೊರೇನ್ ಒಬ್ಬಳನ್ನು ಬಿಟ್ಟು ನಮ್ಮ ರಸ್ತೆಯವರೆಲ್ಲ ಹಾಗೇ ಅಂದಿದ್ದರು. ಯಾರ ಬಾಲವೂ ಅಲ್ಲ ಎಂದು ಬೀಗುವ ಜನ ನಾವು.

"ಈಗ ಸೇರ್ಕೋತೀವಿ ಬಿಡಿ," ಎಂದೆ.

"ಗಡುವು ಫೆಬ್ರವರೀಲೇ ಮುಗೀತಮ್ಮ."

"ಲೊರೇನ್ ಹೆಸರು ಕೊಟ್ಟಿದ್ದೇ ಮಾರ್ಚಲ್ಲಿ. ಹಾರ್ಲನ್ ಕೊಟ್ಟಿದ್ದೂ ಆಗ್ಲೇ."

"ಅದಕ್ಕೇ ಮತ್ತೆ. ಯಾರು ನಿಂತಿದಾರೆ ಅಂತ ಗೊತ್ತಾದ್ಮೇಲೆ ಸೇರಿದ್ರೆ, ಅವ್ರಿಗೆ ಓಟು ಹಾಕೋಕೇ ಸೇರಿದ ಹಾಗಾಗಲ್ವಾ?"

ಇದಕ್ಕೆ ಉತ್ತರ ಬಹುಶಃ ಹನ್ನೊಂದನೇ ತರಗತಿಯಲ್ಲಿ ಹೇಳಿಕೊಡುತ್ತಾರೆ.

ಮಿಲ್ ರಸ್ತೆಯಿಂದ ಲೊರೇನ್‌ಗೆ ಬಿದ್ದ ಮತ ಒಂದು, ಲೊರೇನಳದೇ. ಮತದಾನ ಕಡಿಮೆಯಾಗಲು ಜನರ ನಿರಾಸಕ್ತಿಯೇ ಕಾರಣವೆಂದು ಚುನಾವಣಾ ಮಂಡಳಿ ವಿಷಾದಿಸಿತು. ನಾವೂ ವಿಷಾದಿಸಿದೆವು. ಸೆಪ್ಟೆಂಬರಿನಲ್ಲಿ ಬಸ್ಸು ನಿಂತಿತು.

ನವೆಂಬರಿನಲ್ಲಿ ನಮಗೆ ಪೂರ್ಣ ಮತಾಧಿಕಾರವಿತ್ತು. ಮತಪತ್ರದಲ್ಲಿ ಇದ್ದದ್ದು ಹಾರ್ಲನ್ ಬೀಮರ್ ಒಬ್ಬರ ಹೆಸರು. ಟೆಸ್ಸಾಳನ್ನು ಶಾಲೆಯವರೆಗೆ ನಡೆಸಿ ಬಿಟ್ಟು, ಕೂಸಿನೊಂದಿಗೆ ಬಂದು ಸಾಲಿನಲ್ಲಿ ನಿಂತೆ. ನಮ್ಮ ರಸ್ತೆಯವರೆಲ್ಲ ಅಲ್ಲಿದ್ದರು. ಬೇಗ ಬಂದದ್ದೇ ಒಳ್ಳೆಯದಾಯಿತು, ಆಮೇಲೆ ನೂಕುನುಗ್ಗಲು ಎಂದು ಮಾತಾಡಿಕೊಂಡರು. ಮಿಸೆಸ್ ಪ್ರೂಯಿಟ್ ಗುರುತು ಹಿಡಿದು ಅಕ್ಕರೆಯಿಂದ ನಕ್ಕರು.

ಪರದೆಯ ಹಿಂದೆ ಬಹಳ ಹೊತ್ತು ಯೋಚಿಸಿದೆ. ಹೊರಗೆ ಯಾರೂ ಗೊಣಗಲಿಲ್ಲ. ಇದು ಆತುರಪಡುವ ವಿಷಯವಲ್ಲವೆಂದು ಎಲ್ಲರಿಗೂ ಗೊತ್ತಿತ್ತು.