ಕಲ್ಲಹೊಂಡ ಶಾಲೆಯ ಕಪಾಟು ವಿಜಯ

ಕೇಳಿರಿ, ಮಹಾಜನರೇ. ಕೃತಯುಗದಲ್ಲಿ ನಿಧಿಗಳನ್ನು ಸರ್ಪಗಳು ಕಾದವು. ತ್ರೇತಾದ್ವಾಪರಗಳಲ್ಲಿ ಯಕ್ಷರು ಕಾದರು. ಈ ಕಲಿಯುಗದಲ್ಲಿ, ಮಲಪ್ರಭೆಯ ದಕ್ಷಿಣತೀರದ ಕಲ್ಲಹೊಂಡವೆಂಬ ಗ್ರಾಮದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಆ ಗುರುತರ ಭಾರವು ಮುಖ್ಯೋಪಾಧ್ಯಾಯ ದುಂಡಪ್ಪ ಮಾಸ್ತರರ ಹೆಗಲೇರಿತು. ಸೀಮೆಸುಣ್ಣಧವಳಿತಕರನೂ, ಪ್ರಾರ್ಥನಾಪಂಕ್ತಿನಿಯಾಮಕನೂ, ಕಪಾಟಿನ ಬೀಗದ ಕೈಯನ್ನು ಉಡಿದಾರಕ್ಕೇ ಕಟ್ಟಿಕೊಂಡು ಮಲಗುವ ಅಖಂಡವ್ರತಧಾರಿಯೂ ಆದ ಆ ಪುರುಷಸಿಂಹನನ್ನು ಹಾಡದ ನಾಲಗೆ ಇದ್ದೇನು ಫಲ?

ಮೂರು ವರ್ಷಗಳ ಹಿಂದಿನ ಮಾತು. ಆ ಶಾಲೆಯಲ್ಲಿ ಕಲಿತು ದೊಡ್ಡವರಾದ ಮಹನೀಯರೊಬ್ಬರು ಬಂದು, ನಾಡನ್ನಾಳಿದ ರಾಜರಾಣಿಯರು, ಗುಡಿ ಕಟ್ಟಿದ ಶಿಲ್ಪಿಗಳು, ಕೆರೆ ತೋಡಿದವರು, ಸೀರೆ ನೇಯ್ದವರು, ಬಯಲಾಟ ಕುಣಿದವರು ಇವರೆಲ್ಲರ ಕಥೆಯನ್ನು ಬಣ್ಣದ ಚಿತ್ರಗಳೊಡನೆ ಮಕ್ಕಳಿಗೆ ಹೇಳುವ ಇಪ್ಪತ್ತನಾಲ್ಕು ಪುಸ್ತಕಗಳನ್ನು ಅರ್ಪಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದದ್ದಾಯಿತು, ಮಹನೀಯರು ಕಾರು ಹತ್ತಿದರು. ಕಾರು ಎಬ್ಬಿಸಿದ ಧೂಳು ಕೆಳಗಿಳಿಯುವ ಮೊದಲೇ ಪುಸ್ತಕಗಳು ಆಫೀಸು ಕೋಣೆಯ ಕಬ್ಬಿಣದ ಕಪಾಟನ್ನು ಸೇರಿದ್ದವು.

ಇದನ್ನು ಜಿಪುಣತನವೆಂದು ಬಗೆಯುವ ಮಂದಮತಿಗಳಿಗೆ ಧಿಕ್ಕಾರವಿರಲಿ. ಮಾಸ್ತರರು ಪುಸ್ತಕಗಳನ್ನು ಪ್ರೀತಿಸುತ್ತಿದ್ದರು, ಅದೇ ತೊಂದರೆಯಾಗಿತ್ತು. ಅವರು ಹುಡುಗರಾಗಿ ಶಾಲೆ ಓದುವಾಗ ಇಡೀ ತರಗತಿಗೆ ಇದ್ದದ್ದು ಒಂದೇ ಚರಿತ್ರೆಯ ಪುಸ್ತಕ, ಅದರ ಕೊನೆಯ ಹಾಳೆಗಳು ಹರಿದುಹೋಗಿ, ಕೊನೆಯ ಪಾಠದ ಯುದ್ಧದಲ್ಲಿ ಯಾವ ರಾಜ ಗೆದ್ದನೆಂಬುದು ಅವರಿಗೆ ಪರೀಕ್ಷೆಯ ದಿನವೂ ಗೊತ್ತಾಗಿರಲಿಲ್ಲ. ಆದ್ದರಿಂದ ಅವರು ಒಂದೊಂದು ಪುಸ್ತಕಕ್ಕೂ ಖಾಕಿ ಕಾಗದದ ಕವಚ ತೊಡಿಸಿದರು. ಅದೂ ಸಾಲದೆಂದು ದಬ್ಬಳ ಹಿಡಿದು, ಬೆನ್ನಿನಿಂದ ಎರಡು ಬೆರಳು ಒಳಗೆ, ಗೋಣಿಚೀಲ ಹೊಲಿಯುವ ದಾರದಿಂದ ಹಾಳೆಗಳನ್ನೆಲ್ಲ ಬಿಗಿದು ಹೊಲಿದರು. ಸ್ವತಃ ಓದಲು ಮಾತ್ರ ಅವರಿಗೆ ಪುರುಸೊತ್ತಾಗಲಿಲ್ಲ.

ಇಂಥ ದುರ್ಗದ ಮೇಲೆ ದಂಡೆತ್ತಿದವರು ಏಳನೆಯ ತರಗತಿಗೆ ಪಾಠ ಹೇಳುವ ಇಂದುಮತಿ ಅಕ್ಕೋರು. ಸಹಸ್ರೋತ್ತರಪತ್ರಿಕಾಪರಿಶೋಧನಶ್ರಾಂತನಯನೆಯಾದ ಆ ವೀರಮಹಿಳೆಗೆ ಅಂದು ತಡೆಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಮೂರು ವರ್ಷ ಕಳೆದು, ಆ ವರ್ಷದ ಶಾಲೆಯ ಕೊನೆಯ ದಿನವದು. ಪುಸ್ತಕ ಬಂದಾಗ ಚಪ್ಪಾಳೆ ತಟ್ಟಿದ್ದ ಹತ್ತೊಂಬತ್ತು ಮಕ್ಕಳು ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಏಳನೆಯದನ್ನು ಮುಗಿಸಿ ಈ ಶಾಲೆ ಬಿಟ್ಟು ಹೋಗುವವರಿದ್ದರು. ಅಷ್ಟರೊಳಗೆ ಕಪಾಟು ತೆರೆಯದಿದ್ದರೆ ಒಂದು ಚಿತ್ರವನ್ನೂ ಅವರು ನೋಡುತ್ತಿರಲಿಲ್ಲ.

ಹತ್ತೊಂಬತ್ತು ಮಕ್ಕಳ ಅಕ್ಷೌಹಿಣಿಯೊಡನೆ ಅಕ್ಕೋರು ಆಫೀಸು ಕೋಣೆಯನ್ನು ಮುತ್ತಿದರು. ಆಗ ಮಾಸ್ತರರು, ಪ್ರಳಯಕಾಲದ ಮೇಘದಂತೆ ಗಂಟಲು ಸರಿಪಡಿಸಿಕೊಂಡು, ಎಲೈ ಇಂದುಮತಿಯೇ, ಕುಲಗಿರಿಗಳು ಕದಲಿದರೂ ಸಪ್ತಸಾಗರಗಳು ಬತ್ತಿದರೂ ನನ್ನ ಕಟಿಪ್ರದೇಶದ ಈ ಕೀಲಿಯು ಕದಲದು ಎಂಬ ಭೀಷಣಪ್ರತಿಜ್ಞೆಯನ್ನು ಗೈದರು. ಅದನ್ನು ಅವರು ಹೇಳಿದ ರೀತಿ ಮಾತ್ರ ಇಷ್ಟೇ:

“ಹುಡುಗರ ಕೈಯಾಗ ಕೊಟ್ರ ಹರೀತಾವ್ರಿ, ಅಕ್ಕೋರ.”

“ಹರೀಬೇಕಂದ್ರ ಮೊದಲ ಕೈಗೆ ಸಿಗಬೇಕಲ್ರಿ, ಸರ,” ಎಂದರು ಅಕ್ಕೋರು.

ವಾಗ್ಬಾಣಗಳು ಸುರಿದವು. ಮಾಸ್ತರರು ಮುಂದಿನ ವರ್ಷ ಖಂಡಿತ ಕೊಡುವುದಾಗಿ ಹೇಳಿದರು. ಅಕ್ಕೋರು ಹೋದ ವರ್ಷವೂ ಇದೇ ಮಾತು ಕೇಳಿದ್ದನ್ನು ನೆನಪಿಸಿದರು. ಮಾಸ್ತರರು ಮಕ್ಕಳ ಕೈಯ ಕೊಳೆಯನ್ನು ಎತ್ತಿ ಆಡಿದರು. ಹತ್ತೊಂಬತ್ತು ಜೊತೆ ತೊಳೆದ ಕೈಗಳು ಒಮ್ಮೆಲೇ ಮೇಲೆದ್ದವು. ಅಂಥ ಸಿದ್ಧತೆಯನ್ನು ಮಾಸ್ತರರು ನಿರೀಕ್ಷಿಸಿರಲಿಲ್ಲ. ಆದರೂ ಅವರ ಕೈ ಸೊಂಟದ ಮೇಲಿಂದ ಸರಿಯಲಿಲ್ಲ.

ಆಗ ಮುಂದಿನ ಸಾಲಿನಲ್ಲಿದ್ದ ಬಸಲಿಂಗವ್ವ, ಇಡೀ ಶಾಲೆಯಲ್ಲಿ ಅತಿ ಕಡಿಮೆ ಮಾತಿನ ಹುಡುಗಿ, ಮೆಲ್ಲಗೆ ನುಡಿದಳು. “ನಾವು ಮುಟ್ಟೂದಿಲ್ರಿ, ಸರ. ನೀವ ಹಾಳಿ ತಿರುವ್ರಿ. ನಾವು ದೂರ ನಿಂತು ನೋಡ್ತೀವಿ.”

ಈ ಬಾಣ ಮಾಸ್ತರರ ಎದೆಗೇ ನಾಟಿತು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಗೋಡೆಯ ಕಡೆ ತಿರುಗಿ ಉಡಿದಾರದ ಗಂಟು ಬಿಚ್ಚಿದರು. ಮೂರು ವರ್ಷ ಎಣ್ಣೆ ಕಾಣದ ಕಪಾಟಿನ ಬಾಗಿಲು ದಿಗ್ಗಜಗಳೂ ಬೆದರುವಂತೆ ಕಿರುಗುಟ್ಟಿ ತೆರೆಯಿತು. ಇಪ್ಪತ್ತನಾಲ್ಕು ಖಾಕಿ ಯೋಧರು ಒಂದು ಚೂರೂ ಮುಕ್ಕಾಗದೆ ನಿಂತಿದ್ದರು.

ಮಾಸ್ತರರು ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳು ಮಾತು ಕೊಟ್ಟಂತೆ ದೂರ ನಿಂತರು. ಪುಸ್ತಕ ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ವೀರಗಲ್ಲಿನ ಚಿತ್ರವದು, ಕುದುರೆಯ ಹಿಂದಿನ ಕಾಲು, ಬಾಲ ಕಂಡವು, ಸವಾರನೂ ಅವನ ಕತ್ತಿಯೂ ದಬ್ಬಳದ ಹೊಲಿಗೆಯಲ್ಲಿ ಹೂತುಹೋಗಿದ್ದವು. “ಮ್ಯಾಲೆ ಕುಂತಾಂವ ಎಲ್ಲದಾನ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು. ಅಚ್ಚುಕಟ್ಟಾದ ತಮ್ಮ ಹೊಲಿಗೆಗೆ ಹೀಗೊಂದು ದೋಷವಿದ್ದೀತೆಂದು ಊಹಿಸಿರದ ಮಾಸ್ತರರು ಒಂದು ಅಂಚನ್ನು ಬಸಲಿಂಗವ್ವನಿಗೆ ಹಿಡಿಯಹೇಳಿ, ಇನ್ನೊಂದನ್ನು ತಾವು ಹಿಡಿದು, ಸಮುದ್ರಮಥನಕ್ಕೆ ನಿಂತವರ ಹಾಗೆ ಎಳೆದರು.

ಹಾಳೆ ಪರ್ರನೆ ಹರಿಯಿತು. ಹರಿದದ್ದು ಮಾಸ್ತರರ ಕೈಯಲ್ಲಿ.

ಅಕ್ಕೋರು ಕಿಟಕಿಯ ಕಡೆ ನೋಡಿದರು. ನಗು ಬಂದರೆ ಯುದ್ಧಧರ್ಮಕ್ಕೆ ಭಂಗವಲ್ಲವೇ? ಮಾಸ್ತರರ ಮುಖ ಮಾತ್ರ, ಕೊನೆಯ ಹಾಳೆ ಸಿಗದ ಹುಡುಗನದೇ ಆಗಿಬಿಟ್ಟಿತು. ಬಸಲಿಂಗವ್ವ ಯಾರನ್ನೂ ಕೇಳದೆ ಬಿಸಿಯೂಟದ ಅಡುಗೆಕೋಣೆಗೆ ಓಡಿ, ಅಂಗೈಯಲ್ಲಿ ಬಿಸಿ ಅನ್ನದ ನಾಲ್ಕು ಅಗಳು ತಂದಳು. ಬೆರಳಲ್ಲಿ ಅರೆದು, ಹರಿದ ಅಂಚಿಗೆ ಸವರಿ, ಎರಡೂ ತುಂಡು ಜೋಡಿಸಿದಳು. “ಒಣಗೂತನಾ ಒತ್ತಿ ಹಿಡೀರಿ, ಸರ.”

ಮಾಸ್ತರರು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕುಳಿತರು. ಮೂಗಿನ ಕೆಳಗೇ ಇದ್ದುದರಿಂದ ಓದದೆ ಗತಿಯಿರಲಿಲ್ಲ. ದನ ಕದಿಯಲು ಬಂದವರೊಡನೆ ಒಬ್ಬನೇ ಕಾದಾಡಿ ಸತ್ತವನ ಕಥೆಯನ್ನು ಗಟ್ಟಿಯಾಗಿ ಓದತೊಡಗಿದರು. ದೂರ ನಿಂತಿದ್ದ ಮಕ್ಕಳು ಒಬ್ಬೊಬ್ಬರಾಗಿ ಸರಿದು ಬಂದು ಅವರ ಕುರ್ಚಿಗೆ, ಹೆಗಲಿಗೆ ಒರಗಿದರು. ಗಂಟೆ ಬಾರಿಸಿದಾಗ ಯಾರೂ ಕದಲಲಿಲ್ಲ.

ಆಮೇಲೆ ಅಕ್ಕೋರು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತ ಹೋದರು, ಮಾಸ್ತರರು ಒಬ್ಬೊಬ್ಬರ ಕೈಗೂ ಒಂದೊಂದು ಪುಸ್ತಕ ಕೊಡುತ್ತ ಹೋದರು, ಜೂನಿನಲ್ಲಿ ಮರಳಿ ತರಬೇಕೆಂಬ ಆಜ್ಞೆಯೊಡನೆ. ಕೊನೆಯವಳಾಗಿ ಬಂದ ಬಸಲಿಂಗವ್ವ ಹರಿದ ಪುಸ್ತಕವನ್ನೇ ಬೇಡಿದಳು.

“ಮತ್ತ ಹರದ್ರ ಏನ್ಮಾಡ್ಲಿರಿ, ಸರ?”

ತ್ರಿವರ್ಷಪರ್ಯಂತನಿಧಿರಕ್ಷಣದೀಕ್ಷಿತರಾದ ದುಂಡಪ್ಪ ಮಾಸ್ತರರು ಹೆಬ್ಬೆರಳಿಗಂಟಿದ ಅನ್ನವನ್ನು ಧೋತರದ ಅಂಚಿಗೆ ಒರೆಸಿಕೊಂಡರು.

“ಮನ್ಯಾಗ ಅನ್ನ ಮಾಡ್ತಾರಿಲ್ಲ?” ಎಂದರು.