ಎರಡು ದೇಶಗಳ ಜೊತೆ ನಾನು ಮಾಡಿದ ಚೌಕಾಸಿ

ನನಗೊಂದು ಕಾಯಿಲೆಯಿದೆ. ಯಾರು ಏನೇ ಹೇಳಲಿ, ಮೊದಲನೆಯ ಮಾತಿಗೇ ಒಪ್ಪಿಕೊಂಡರೆ ಆ ದಿನ ನನಗೆ ಊಟ ಸೇರುವುದಿಲ್ಲ. ಬಳೆಗಾರ ಬಂದರೂ ಅಷ್ಟೆ, ಡಾಕ್ಟರು ಬಂದರೂ ಅಷ್ಟೆ. ಒಮ್ಮೆ ಜ್ವರ ಬಂದಾಗ ಡಾಕ್ಟರು ಹತ್ತು ದಿನ ಪಥ್ಯವಿರಬೇಕೆಂದರು. ನಾನು ಮಲಗಿದ್ದಲ್ಲಿಂದಲೇ ಕೈ ಮುಗಿದು, “ಆರು ಮಾಡ್ಕೊಳಿ ಸ್ವಾಮಿ” ಎಂದೆ. ಅವರು ಏಳಕ್ಕೆ ಇಳಿದರು. ಎಂಟನೆಯ ದಿನ ಜ್ವರ ಮತ್ತೆ ಬಂತು, ಆ ಮಾತು ಬೇರೆ. ಮಳವಳ್ಳಿ ಸಂತೆಯಲ್ಲಿ ಬೇರೆಯವರ ಕುರಿಗಳ ಹಗ್ಗ ಹಿಡಿದು ನಿಂತಿರುತ್ತಿದ್ದ ನಾನು ದಲ್ಲಾಳಿಯಾಗಿ, ಮದ್ದೂರಿನಲ್ಲಿ ಹೆಂಚಿನ ಮನೆ ಕಟ್ಟಿ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಮಟ್ಟಕ್ಕೆ ಬಂದಿದ್ದರೆ ಅದಕ್ಕೆ ಈ ಕಾಯಿಲೆಯೇ ಕಾರಣ. ಆದ್ದರಿಂದ ಇದಕ್ಕೆ ಔಷಧಿ ಹುಡುಕುವ ಗೋಜಿಗೆ ಹೋಗಿಲ್ಲ.

ಕುರಿ ವ್ಯಾಪಾರ ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಕಾಣದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ಲು ಹೊದಿಸಿ, ಅದರೊಳಗೆ ಬೆರಳು ಹಿಡಿದು ಒತ್ತಿ ತಿಳಿಸುವುದು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ದುಬಾರಿಯಾದ ಬಂಡೂರಿನ ಕುರಿ ಕೊಳ್ಳುವಾಗಲಂತೂ ಮಾರುವವರಿಬ್ಬರನ್ನು ಎದುರಿಗಿಟ್ಟುಕೊಂಡು, ಒಬ್ಬನ ಬೆರಳು ಬಿಟ್ಟು ಇನ್ನೊಬ್ಬನ ಬೆರಳು ಹಿಡಿಯಬೇಕು. ಮೊದಲನೆಯವನಿಗೆ ಎರಡನೆಯವನು ಬಹಳ ಇಳಿದನೆನ್ನಬೇಕು, ಎರಡನೆಯವನಿಗೆ ಮೊದಲನೆಯವನು ಕಾಲು ಹಿಡಿಯುತ್ತಿದ್ದಾನೆನ್ನಬೇಕು. ಇದರಲ್ಲಿ ಸುಳ್ಳು ಇಲ್ಲವೆಂದಲ್ಲ. ಆದರೆ ಅದು ಸುಳ್ಳೆಂದು ಮೂವರಿಗೂ ಗೊತ್ತಿರುವುದರಿಂದ ಪಾಪ ಹತ್ತುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಹಡಗುಗಳು ಮತ್ತೆ ಜನರನ್ನು ಹತ್ತಿಸಿಕೊಳ್ಳಲು ಶುರು ಮಾಡಿದ ಕಾಲ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಕೆಲಸದಲ್ಲಿದ್ದ ನನ್ನ ಅಳಿಯ ಪುಟ್ಟಸ್ವಾಮಿ ಒಂದು ಭಾನುವಾರ ಬಂದು ಜಗಲಿಯ ಮೇಲೆ ಕುಳಿತ. ಅಳಿಯನಾಗುವ ಮೊದಲೇ ಅವನು ನನ್ನ ಅಕ್ಕನ ಮಗ. ಮಾತಿನಲ್ಲಿ ಮುಚ್ಚುಮರೆ ಇಲ್ಲ.

“ಮಾವ, ನಾನು ಸಾಕಮ್ಮುನ್ನ ಕರ್ಕೊಂಡು ದೇಸ ಬುಟ್ಟು ಓಯ್ತೀನಿ.”

“ಎಲ್ಲಿಗ್ಲಾ?”

“ಬ್ರೆಜಿಲ್ಲು. ಇಲ್ಲಾಂದ್ರೆ ಅರ್ಜೆಂಟೈನಾ. ಎಲ್ಡು ಕಡೆನೂ ಕಬ್ಬು ಬೆಳೀತಾರೆ, ಎಲ್ಡು ಕಡೆನೂ ಸಕ್ರೆ ಮಾಡ್ತಾರೆ. ಇಂಜಿನಿಯರು ಪೇಪರ್‌ನಲ್ಲಿ ಓದಿ ಯೋಳುದ್ರು. ಯಾವ್ದು ಒಳ್ಳೇದು ಅಂತ ನೀವೇ ನೋಡಿ ಯೋಳಿ.”

ನನ್ನ ಒಬ್ಬಳೇ ಮಗಳು ಸಾಕಮ್ಮ. ಮಂಡ್ಯಕ್ಕೆ ಕೊಟ್ಟದ್ದೇ ರೈಲಿನಲ್ಲಿ ಅರ್ಧ ದಿನದೊಳಗೆ ಹೋಗಿ ನೋಡಿಕೊಂಡು ಬರಬಹುದೆಂದು. ಅವಳು ಸಮುದ್ರ ದಾಟಿದರೆ ಈ ಜನ್ಮದಲ್ಲಿ ಮುಖ ನೋಡುವೆನೆಂಬ ಭರವಸೆ ಇರಲಿಲ್ಲ. ಬುದ್ಧಿಯಿದ್ದ ತಂದೆಯಾದವನು ಅಲ್ಲೇ, “ಸುಮ್ಕೆ ಕೂತ್ಕೊಳ್ಲಾ” ಎಂದು ಗದರಿಸಬೇಕಾಗಿತ್ತು. ಗದರಿಸಲು ಬಾಯಿಯನ್ನೂ ತೆರೆದೆ, ಸುಳ್ಳು ಹೇಳುವುದಿಲ್ಲ. ಆದರೆ ‘ಎರಡರಲ್ಲಿ ಯಾವುದು ಒಳ್ಳೆಯದು, ನೀವೇ ನೋಡಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ತಾನಾಗಿ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು.

ಒಳಗಿನಿಂದ ನನ್ನ ಹೆಂಡತಿ ಕೆಂಪಮ್ಮ ಕೇಳಿಸಿಕೊಂಡಳು. ಅಳಿಯ ಹೋದ ಮೇಲೆ ಹೊರಗೆ ಬಂದು, “ನಿಮ್ಗೇನ್ ಬುದ್ಧಿ ಗಿದ್ಧಿ ಅದಾ? ಮಗುಳ್ನ ಕುರಿ ಅನ್ಕೊಂಡ್ರಾ, ಯಾವ್ ದೇಸದೋನ್ ಕೈಗೆ ಕೊಡ್ಲಿ ಅಂತ ನೋಡ್ತಾ ಕುಂತಿದ್ದೀರಲ್ಲಾ!” ಎಂದಳು. “ಬರೀ ವಿಚಾರಿಸ್ತೀನಿ ಕಣೇ” ಎಂದೆ. “ನೀವು ವಿಚಾರ್ಸಿದ್ನ ಯಾವತ್ತು ಕೊಳ್ದೆ ಬಂದಿದ್ದೀರಿ?” ಎಂದು ಒಳಗೆ ಹೋದವಳು ಮೂರು ದಿನ ನನಗೆ ಉಪ್ಪಿಲ್ಲದ ಸಾರು ಬಡಿಸಿದಳು.

ನಮ್ಮ ಬೀದಿಯಲ್ಲಿ ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾದ ರಹೀಂ ಸಾಹೇಬರಿದ್ದಾರೆ. ಇಂಗ್ಲಿಷು ಬಲ್ಲವರು, ಅಕ್ಷರ ಮುತ್ತಿನಂತೆ. ಎರಡೂ ದೇಶಗಳ ಕಚೇರಿ ಕಲ್ಕತ್ತೆಯಲ್ಲಿದೆಯೆಂದು ಪತ್ತೆ ಮಾಡಿ, ಅಳಿಯನ ಹೆಸರಿನಲ್ಲಿ ಅರ್ಜಿ ಬರೆದದ್ದು ಅವರೇ. ಜವಾಬು ನನ್ನ ಕೈಗೇ ಬರಲಿ ಎಂದು ವಿಳಾಸ ಮಾತ್ರ ನನ್ನದು. ತಿಂಗಳೊಳಗೆ ಎರಡೂ ಕಡೆಯಿಂದ ನಿಯಮಗಳು ಬಂದವು. ಸಾಹೇಬರು ಓದಿ ಹೇಳುತ್ತ ಹೋದರು, ನಾನು ಜಗಲಿಯ ಮೇಲೆ ಕಡಲೆಕಾಯಿಗಳನ್ನು ದೇಶಕ್ಕೊಂದರಂತೆ ಎರಡು ಗುಡ್ಡೆ ಮಾಡುತ್ತ ಹೋದೆ. ಬ್ರೆಜಿಲಿನವರು ಗಂಡ ಹೆಂಡತಿ ಒಟ್ಟಿಗೇ ಬರಬಹುದು ಎನ್ನುತ್ತಾರೆ, ಆ ಕಡೆ ಒಂದು ಕಾಯಿ. ಆದರೆ ಕಾಯಂ ಆಗಿ ನಿಲ್ಲುವ ರಹದಾರಿ ಬೇಸಾಯಗಾರರಿಗೆ, ಯಂತ್ರ ಬಲ್ಲವರಿಗೆ ಮೊದಲು; ಉಳಿದವರಿಗೆ ಬರೀ ಹೋಗಿ ಬರುವ ರಹದಾರಿ. ಪಾಕ ಕುದಿಸುವವನು ಬೇಸಾಯಗಾರನೋ ಯಂತ್ರದವನೋ? ಕಾಯಿ ಹಿಂದಕ್ಕೆ ತೆಗೆದೆ. ಅರ್ಜೆಂಟೈನಾದವರಿಗೆ ಕಸುಬು ಯಾವುದಾದರೂ ಆದೀತು. ಆದರೆ ಮೊದಲು ಅವರ ರಾಜಧಾನಿಯಿಂದಲೇ ಅಪ್ಪಣೆ ಬರಬೇಕು, ಗಂಡಸು ಒಬ್ಬನೇ ಹೋಗಿ ನೆಲೆಯೂರಬೇಕು, ಆಮೇಲೆ ಹೆಂಡತಿ. ಪೋಲೀಸರಿಂದ ಒಳ್ಳೆಯ ನಡತೆಯ ಪತ್ರ ಎರಡೂ ದೇಶದವರಿಗೆ ಬೇಕು. ಕಾಯಿಲೆಯಿದೆಯೇ ಎಂದು ಬ್ರೆಜಿಲಿನವರು ಕಣ್ಣು ನೋಡುತ್ತಾರೆ, ಅರ್ಜೆಂಟೈನಾದವರು ಎದೆ ನೋಡುತ್ತಾರೆ. ಕುರಿ ಕೊಳ್ಳುವಾಗ ನಾವು ನೋಡುವಂತೆ ಹಲ್ಲು ನೋಡುವವರು ಯಾರೂ ಇಲ್ಲದ್ದರಿಂದ, ವ್ಯಾಪಾರ ತಿಳಿದವರಲ್ಲವೆಂದು ನನಗೆ ಇಬ್ಬರ ಮೇಲೂ ಸ್ವಲ್ಪ ಸದರವೇ ಹುಟ್ಟಿತು.

ಇಷ್ಟಕ್ಕೆ ನಿಲ್ಲಿಸಿ, ಹೀಗಿದೆ ನೋಡಪ್ಪಾ ಎಂದು ಅಳಿಯನಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇವು ಅವರ ಮೊದಲನೆಯ ಮಾತಲ್ಲವೆ! “ಸಾಹೇಬರೇ, ಇನ್ನೆರಡು ಕಾಗ್ದ ಬರೀರಿ” ಎಂದೆ. ಬ್ರೆಜಿಲಿನವರಿಗೆ: ‘ಅರ್ಜೆಂಟೈನಾದವರು ನಮ್ಮ ಹುಡುಗನಿಗೆ ಮೊದಲ ದಿನದಿಂದಲೇ ಕಾಯಂ ಕೊಡುವುದಾಗಿ ಒಪ್ಪಿದ್ದಾರೆ. ನಡತೆಯ ಪತ್ರವನ್ನೂ ಬಿಟ್ಟುಬಿಟ್ಟಿದ್ದಾರೆ. ನೀವೇನು ಬಿಡುತ್ತೀರಿ?’ ಅರ್ಜೆಂಟೈನಾದವರಿಗೆ: ‘ಬ್ರೆಜಿಲಿನವರು ಹೆಂಡತಿಯ ಜೊತೆಗೆ ಅತ್ತೆ ಮಾವನನ್ನೂ ಕರೆತನ್ನಿ ಎನ್ನುತ್ತಿದ್ದಾರೆ. ನಮಗೆ ಮನಸ್ಸಿರುವುದು ನಿಮ್ಮ ಕಡೆಗೇ. ಒಂದು ಮಾತಿನಲ್ಲಿ ಮುಗಿಸಿ.’

ಸಾಹೇಬರು ಪೆನ್ನು ಕೆಳಗಿಟ್ಟರು. “ಗೌಡ್ರೇ, ಇದು ಸರ್ಕಾರದ ಕೆಲ್ಸ. ಸರ್ಕಾರದ ಜೊತೆ ಯಾರಾದ್ರೂ ಚೌಕಾಸಿ ಮಾಡ್ತಾರಾ?”

“ಮಾಡ್ದೆ ಇರೋದ್ರಿಂದ್ಲೇ ಅವ್ರು ಮೆರೀತಿರೋದು. ನಾನ್ ಯೋಳಿದ್ದಂಗೆ ಬರೀರಿ, ಒಂದಕ್ಸರ ಬುಡ್ಬೇಡಿ.”

ಅವರು ನಿಷ್ಠಾವಂತರು. ಒಂದಕ್ಷರ ಬಿಡಲಿಲ್ಲ.

ಕಾಗದ ಹಾಕಿದ ಮೇಲೆ ಮಾತ್ರ ನನಗೆ ನಿದ್ದೆ ಕೆಟ್ಟಿತು. ಅವರು ಒಪ್ಪಿಬಿಟ್ಟರೆ? ಇಷ್ಟು ವರ್ಷದಲ್ಲಿ ನನ್ನ ಚೌಕಾಸಿಗೆ ಜಗ್ಗದವರು ಬಹಳ ಕಡಿಮೆ. ಗೆದ್ದೆನೆಂದರೆ ಸಾಕಮ್ಮ ಹೋದಂತೆಯೇ ಲೆಕ್ಕ. ಮಂಡ್ಯಕ್ಕೆ ಹೋದಾಗ ಅವಳು ಟ್ರಂಕಿಗೆ ಬಟ್ಟೆ ತುಂಬುತ್ತ, “ಅಪ್ಪ, ಅಲ್ಲಿ ರಾಗಿ ಸಿಕ್ತದಾ?” ಎಂದು ಕೇಳಿದಳು. ರಾಗಿಯ ವಿಷಯ ಯಾವ ನಿಯಮದಲ್ಲೂ ಇರಲಿಲ್ಲ. “ಬರ್ದು ಕೇಳ್ತೀನಿ ಕಣವ್ವ” ಎಂದು ಬೇರೆ ಕಡೆ ಮುಖ ತಿರುಗಿಸಿದೆ. ಪುಟ್ಟಸ್ವಾಮಿ ಒಂದೇ ಮುದ್ದೆಗೆ ಎದ್ದು ಕೈ ತೊಳೆದ. ಕೆಲಸದ ಆಯಾಸವಿರಬೇಕೆಂದುಕೊಂಡೆ.

ಎರಡೂ ಜವಾಬು ಒಂದೇ ದಿನ, ಒಂದೇ ಟಪಾಲಿನಲ್ಲಿ ಬಂದವು. ಸಾಹೇಬರು ಮೊದಲು ಬ್ರೆಜಿಲಿನವರದನ್ನು ಓದಿದರು. ಅರ್ಜೆಂಟೈನಾ ದೇಶದವರು ತಮ್ಮ ಅಳಿಯಂದಿರಿಗೆ ಇಷ್ಟು ಔದಾರ್ಯ ತೋರಿಸಿರುವುದನ್ನು ಕೇಳಿ ಬಹಳ ಸಂತೋಷವಾಯಿತು, ಅದಕ್ಕೆ ಸಮನಾದದ್ದನ್ನು ಕೊಡುವ ಶಕ್ತಿ ನಮಗಿಲ್ಲ, ಅರ್ಜಿಯನ್ನು ಮುಕ್ತಾಯ ಮಾಡಿದ್ದೇವೆ, ಪ್ರಯಾಣ ಸುಖಕರವಾಗಲಿ. ಎರಡನೆಯದರಲ್ಲಿ ಅರ್ಜೆಂಟೈನಾದ ಜಾಗದಲ್ಲಿ ಬ್ರೆಜಿಲ್ ಎಂಬ ಹೆಸರಿದ್ದದ್ದು ಬಿಟ್ಟರೆ ಉಳಿದದ್ದೆಲ್ಲ ಅದೇ. ಕೊನೆಗೆ ಇಬ್ಬರೂ, ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರ ಬೇಡ ಎಂದು ಬರೆದಿದ್ದರು. ಸಾಹೇಬರು ಕಾಗದದ ತಲೆಯ ಮೇಲಿದ್ದ ವಿಳಾಸಗಳನ್ನು ಕನ್ನಡಕ ಸರಿಸಿಕೊಂಡು ಮತ್ತೆ ನೋಡಿದರು. “ಗೌಡ್ರೇ, ಇಬ್ರೂ ಒಂದೇ ಬೀದಿಯೋರು.”

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮಾರುವವರಿಬ್ಬರೂ ಅಕ್ಕಪಕ್ಕದ ಮನೆಯವರಾದರೆ ಒಬ್ಬನ ಮಾತನ್ನು ಇನ್ನೊಬ್ಬನಿಗೆ ಹೇಳಬಾರದೆಂಬುದು ಸಂತೆಯಲ್ಲಿ ಹಗ್ಗ ಹಿಡಿಯುವವನಿಗೂ ಗೊತ್ತು. ಸಂಜೆ ಒಟ್ಟಿಗೆ ಕಾಫಿ ಕುಡಿಯುತ್ತ ನನ್ನ ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನಕ್ಕಿರುತ್ತಾರೆ. ಸೋತ ಅವಮಾನಕ್ಕೆ ಕಿವಿ ಬಿಸಿಯಾಗಿತ್ತು; ಅದರ ಅಡಿಯಲ್ಲಿ ಮಾತ್ರ, ತಲೆ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತೆ, ಎದೆ ಹಗುರವಾಗುತ್ತಿತ್ತು.

ಮಂಡ್ಯದ ದಾರಿಯುದ್ದಕ್ಕೂ ಅಳಿಯನಿಗೆ ಹೇಗೆ ಹೇಳಲೆಂದು ಅಭ್ಯಾಸ ಮಾಡಿದೆ. ಹೋಗಿ ಎಲ್ಲವನ್ನೂ ಬಡಬಡಿಸಿದೆ. ಅವನು ಊಟಕ್ಕೆ ಕುಳಿತಿದ್ದ.

“ಎಲ್ಡೂ ಆಗಲ್ವಾ ಮಾವ?”

“ಎಲ್ಡೂ ಆಗಲ್ಲ ಕಣ್ಲಾ. ತಪ್ಪು ನಂದೇ.”

ಪುಟ್ಟಸ್ವಾಮಿ ತಟ್ಟೆಯಲ್ಲಿದ್ದ ಮುದ್ದೆ ಮುಗಿಸಿದ. ಆಮೇಲೆ ಒಳಕ್ಕೆ ತಿರುಗಿ, “ಲೇ ಸಾಕಿ, ಇನ್ನೊಂದ್ ಮುದ್ದೆ ಆಕು” ಎಂದ. ಅದನ್ನು ಮುಗಿಸಿ ಮೂರನೆಯದನ್ನೂ ಹಾಕಿಸಿಕೊಂಡ. ಕಾರ್ಖಾನೆಯಲ್ಲಿ ಎಲ್ಲರ ಮುಂದೆ ಹೋಗೇ ಹೋಗುತ್ತೇನೆಂದು ಜಂಬ ಕೊಚ್ಚಿಕೊಂಡು, ಹಿಂದಕ್ಕೆ ತೆಗೆದುಕೊಳ್ಳಲಾರದೆ ಅಂದಿನಿಂದ ಹೊಟ್ಟೆ ತುಂಬ ಉಣ್ಣುವುದನ್ನೇ ಬಿಟ್ಟಿದ್ದನಂತೆ. ಇದನ್ನು ಸಾಕಮ್ಮ ಆಮೇಲೆ ಹೇಳಿದಳು. ಟ್ರಂಕಿನಲ್ಲಿದ್ದ ಬಟ್ಟೆ ಅಷ್ಟರಲ್ಲಿ ಹಗ್ಗದ ಮೇಲೆ ಬಿಸಿಲು ಕಾಯುತ್ತಿತ್ತು.

ಕೆಂಪಮ್ಮ ಈಗ ಕಂಡಕಂಡವರಿಗೆಲ್ಲ, “ನಮ್ ಯಜಮಾನ್ರು ಬೇಕಂತ್ಲೇ ಅಂಗ್ ಬರ್ಸಿದ್ದು, ಮಗುಳ್ ಓಗ್ಬಾರ್ದು ಅಂತ. ಅವ್ರ್ ತಲೆ ಯಾರಿಗ್ ಬತ್ತದೆ!” ಎನ್ನುತ್ತಾಳೆ. ಸಾರಿಗೆ ಉಪ್ಪೂ ತುಪ್ಪವೂ ಬೀಳುತ್ತಿರುವುದರಿಂದ ನಾನು ತಿದ್ದಲು ಹೋಗಿಲ್ಲ. ಆದರೆ ಸುದ್ದಿ ಮಳವಳ್ಳಿಯವರೆಗೂ ಹೋಗಿದೆ. ಮೊನ್ನೆ ಅಲ್ಲಿಂದ ಒಬ್ಬ ತಾಯಿ ಬಂದು ಕಣ್ಣಿಗೆ ಸೆರಗು ಒತ್ತಿಕೊಂಡು, “ಗೌಡ್ರೇ, ನನ್ ಮಗ ಆಫ್ರಿಕಾಕ್ ಓಯ್ತೀನಿ ಅಂತವ್ನೆ. ನೀವೊಂದ್ ಕಾಗ್ದ ಬರುಸ್ಬುಟ್ರೆ ಯಾವ್ ದೇಸದೋರೂ ಸೇರ್ಸಲ್ವಂತಲ್ಲಾ?” ಎಂದು ಕೇಳಿದಳು.

“ಅದುಕ್ಕೇನಂತೆ ತಾಯಿ, ಬರುಸ್ತೀನಿ” ಎಂದು ಧೈರ್ಯ ಹೇಳಿ ಕಳಿಸಿದ್ದೇನೆ. ರಹೀಂ ಸಾಹೇಬರು ಕಾಗದ, ಪೆನ್ನು ಹಿಡಿದು ಕಾದು ಕುಳಿತಿದ್ದಾರೆ. ನಾನೋ ಇನ್ನೂ ಒಂದು ಸಾಲನ್ನೂ ಬರೆಸಿಲ್ಲ. ಕಲ್ಕತ್ತೆಯಲ್ಲಿ ತಪ್ಪಿದ್ದೆಲ್ಲಿ ಎಂದು ಈಗ ಚೆನ್ನಾಗಿ ತಿಳಿದಿದೆ. ಎಷ್ಟೇ ತಡೆದರೂ ಮನಸ್ಸು ಈ ಸಲ ಹೇಗೆ ಗೆಲ್ಲಬೇಕೆಂದೇ ಯೋಚಿಸುತ್ತಿದೆ. ಗೆದ್ದುಬಿಟ್ಟರೆ ಆ ತಾಯಿಗೆ ಏನು ಹೇಳಲಿ?